ಎಲುಬಿನ ಲೆಕ್ಕ, ಬೆರಳಿನ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಕ್ಕಳಿಗೆ ಗಣಿತ ಹೇಳಿಕೊಡುವುದು, ಶರೀರರಚನೆಯ ಮೊದಲ ಪಾಠ ಓದುವುದು ಎಂಬ ಎರಡು ವಿಷಯಗಳ ಮೇಲೆ ಮುಂಬಯಿ, ಪುಣೆ, ಗೋವೆಯ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ. ಗಣಿತಕ್ಕೆ ಪ್ರಾಥಮಿಕ ಶಾಲೆಯ ಶಿಕ್ಷಕರೂ ಶರೀರರಚನೆಗೆ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಶಿಕ್ಷಕಿಯೂ ಉತ್ತರಿಸಿದ್ದಾರೆ. ಎರಡೂ ಬೆರೆತ ಪ್ರಶ್ನೆಗಳಿಗೆ ಇಬ್ಬರೂ ಕೂತು ಬರೆದಿದ್ದಾರೆ.

ಮಗಳು ಎರಡನೇ ತರಗತಿ, ಮರಾಠಿ ಮಾಧ್ಯಮ. ಮನೆಯಲ್ಲಿ ಕನ್ನಡ. ಶಾಲೆಯ ಉಕ್ತಲೇಖನದಲ್ಲಿ ‘ಪಂಚವೀಸ್’ ಅಂದರೆ 52 ಬರೆದು ಬರುತ್ತಾಳೆ. ಮನೆಯಲ್ಲಿ ನಾನು ‘ಇಪ್ಪತ್ತೈದು’ ಅಂದರೆ ಸರಿಯಾಗಿ 25 ಬರೆಯುತ್ತಾಳೆ. ಮನೆಯಲ್ಲೂ ಮರಾಠಿಯನ್ನೇ ಮಾತಾಡಿ ಎಂದು ಟೀಚರ್ ಹೇಳಿದ್ದಾರೆ. ಅವಳಿಗೆ ಏನಾದರೂ ತೊಂದರೆ ಇದೆಯೇ? — ಡೊಂಬಿವಲಿಯ ತಾಯಿ

ನೀವು ಬರೆದಷ್ಟನ್ನು ನೋಡಿದರೆ ತೊಂದರೆ ಇಲ್ಲ. ಮನೆಯ ಕನ್ನಡವನ್ನೂ ದಯವಿಟ್ಟು ನಿಲ್ಲಿಸಬೇಡಿ, ಈ ವಿಷಯದಲ್ಲಿ ಅದು ಅವಳಿಗೆ ಆಸರೆ. ಇಪ್ಪತ್ತೈದು ಅನ್ನುವಾಗ ಕಿವಿಗೆ ಮೊದಲು ಹತ್ತರ ಲೆಕ್ಕ ಬೀಳುತ್ತದೆ, ಆಮೇಲೆ ಬಿಡಿ. ಬರೆಯುವ ಕ್ರಮವೂ ಅದೇ. ಪಂಚವೀಸ್ ಅನ್ನುವಾಗ ಐದು ಮೊದಲು ಬಂದು ಇಪ್ಪತ್ತು ಆಮೇಲೆ ಬರುತ್ತದೆ. ಎರಡನೇ ತರಗತಿಯ ಮಗು ಕೇಳಿದ ಕ್ರಮದಲ್ಲೇ ಬರೆಯುತ್ತದೆ, ಹಾಗಾಗಿ 52. ಹಿಂದಿ, ಕೊಂಕಣಿಯಲ್ಲೂ ಬಿಡಿಯೇ ಮೊದಲು. ಮರಾಠಿ ಮನೆಮಾತಿನ ಮಕ್ಕಳೂ ಈ ತಪ್ಪು ಮಾಡುತ್ತಾರೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ‘ಏಕವೀಸ್’ ಜಾಗಕ್ಕೆ ‘ವೀಸ್ ಏಕ್’ ಎಂದು ಹೇಳುವ ಕ್ರಮ ಬಂದಾಗ ಮಹಾರಾಷ್ಟ್ರದಲ್ಲೆಲ್ಲ ವಾದ ನಡೆದದ್ದು ನಿಮಗೆ ನೆನಪಿರಬಹುದು. ಅಂಗಡಿಯಲ್ಲಿ, ಬಸ್ಸಿನಲ್ಲಿ ಜನ ಆಡುವುದು ಪಂಚವೀಸ್ ಎಂದೇ ಆದ್ದರಿಂದ ಮಗಳು ಅದನ್ನು ಕಲಿಯಲೇಬೇಕು.

ತೆಂಗಿನ ಕಡ್ಡಿಪೊರಕೆಯಿಂದ ಬೆರಳುದ್ದದ 100 ಕಡ್ಡಿ ಕತ್ತರಿಸಿಕೊಳ್ಳಿ. ಹತ್ತು ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟುವ ಕೆಲಸ ಮಗಳದೇ ಆಗಿರಲಿ. ನೀವು ಕಟ್ಟಿಕೊಟ್ಟರೆ ಆ ಕಟ್ಟು ಅವಳಿಗೆ ‘ಒಂದು’ ಆಗಿಬಿಡುತ್ತದೆ; ಎರಡು ಕಟ್ಟು, ಐದು ಕಡ್ಡಿ ತೋರಿಸಿದರೆ ‘ಏಳು’ ಅನ್ನುತ್ತಾಳೆ. ಹಾಗಂದರೆ ತಿದ್ದಬೇಡಿ, ಕಟ್ಟು ಬಿಚ್ಚಿ ಎಣಿಸಲು ಹೇಳಿ. ಒಂದು ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ‘ಹತ್ತು’, ಬಲಕ್ಕೆ ‘ಬಿಡಿ’ ಎಂದು ಬರೆಯಿರಿ. ನೀವು ಪಂಚವೀಸ್ ಅಂದಾಗ ಅವಳು ಪೆನ್ಸಿಲ್ ಮುಟ್ಟಬಾರದು. ಐದು ಕಡ್ಡಿ ಬಲಕ್ಕೆ, ಎರಡು ಕಟ್ಟು ಎಡಕ್ಕೆ ಇಡಲಿ. ಇಟ್ಟದ್ದನ್ನು ಎಡದಿಂದ ಓದಿ ‘ಎರಡು ಹತ್ತು, ಐದು ಬಿಡಿ’ ಎಂದು ಬಾಯಿಬಿಟ್ಟು ಹೇಳಿ ಆಮೇಲೆ ಬರೆಯಲಿ. ಮೊದಲ ವಾರ ಕಡ್ಡಿ ಇಟ್ಟು, ಎರಡನೇ ವಾರ ಖಾಲಿ ಹಾಳೆಯ ಮೇಲೆ ಬೆರಳು ತೋರಿಸಿ, ಮೂರನೇ ವಾರ ಏನೂ ಇಲ್ಲದೆ. ದಿನಕ್ಕೆ ಎಂಟು ಹತ್ತು ಸಂಖ್ಯೆ ಸಾಕು, ಐದು ನಿಮಿಷದ ಕೆಲಸ. 25–52, 34–43, 16–61 ಹೀಗೆ ಜೋಡಿ ಆರಿಸಿ. 33, 44 ಕೇಳಬೇಡಿ, ಅಲ್ಲಿ ತಪ್ಪು ಇದ್ದರೂ ಕಾಣುವುದಿಲ್ಲ.

ಕೆಲವು ಟ್ಯೂಷನ್‌ಗಳಲ್ಲಿ ಮೊದಲು 5 ಬರೆದು, ಅದರ ಎಡಕ್ಕೆ ಬಿಟ್ಟ ಜಾಗದಲ್ಲಿ ಆಮೇಲೆ 2 ಬರೆಯುವ ಉಪಾಯ ಹೇಳಿಕೊಡುತ್ತಾರೆ. ಅದು 99ರವರೆಗೆ ನಡೆಯುತ್ತದೆ. ‘ಏಕ್‌ಶೆ ಪಂಚವೀಸ್’ ಬಂದ ಕೂಡಲೇ ಕೈಕೊಡುತ್ತದೆ, ಯಾಕೆಂದರೆ ಅಲ್ಲಿ ನೂರು ಮೊದಲು, ಆಮೇಲೆ ಐದು, ಕೊನೆಗೆ ಇಪ್ಪತ್ತು. ಮಗು 152 ಬರೆಯುತ್ತದೆ. ಪೂರ್ತಿ ಕೇಳಿ, ಮನಸ್ಸಿನಲ್ಲಿ ಜೋಡಿಸಿ, ಎಡದಿಂದ ಬರೆಯುವುದೇ ಗಟ್ಟಿ ದಾರಿ.

ಮರಾಠಿಯ ಇನ್ನೊಂದು ತೊಡಕು ಏಕೋಣತೀಸ್, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ತೀಸ್ ಕಿವಿಗೆ ಬಿದ್ದಿದ್ದರಿಂದ ಮಕ್ಕಳು 39 ಬರೆಯುತ್ತಾರೆ, ಕೆಲವರು 31 ಬರೆಯುತ್ತಾರೆ. ಮೂರು ಕಟ್ಟು ಇಟ್ಟು ಒಂದನ್ನು ಬಿಚ್ಚಿಸಿ ಒಂದು ಕಡ್ಡಿ ತೆಗೆಸಿ: ಉಳಿದದ್ದು ಎರಡು ಕಟ್ಟು, ಒಂಬತ್ತು ಬಿಡಿ. 19ರಿಂದ 89ರವರೆಗೆ ಒಂಬತ್ತರಲ್ಲಿ ಮುಗಿಯುವ ಎಂಟೂ ಸಂಖ್ಯೆಗಳು ಹೀಗೇ ನಡೆಯುತ್ತವೆ. 99 ಮಾತ್ರ ಬೇರೆ.

ಕೊನೆಗೊಂದು ಮಾತು. ಅಂಕಿಗಳ ಜಾಗ ಅದಲುಬದಲಾಗುವುದು ಬೇರೆ, ಅಂಕಿಯೇ ಕನ್ನಡಿಯಲ್ಲಿ ಕಂಡಂತೆ ತಿರುಗುವುದು ಬೇರೆ. ಏಳು ವರ್ಷದವರೆಗೆ 3, 7 ತಿರುಗಿ ಬರೆಯುವುದು ಸಾಮಾನ್ಯ. ಮೂರನೇ ತರಗತಿ ಮುಗಿದರೂ ಅದು ನಿಲ್ಲದಿದ್ದರೆ, ಅಥವಾ ಕನ್ನಡದಲ್ಲಿ ಹೇಳಿದರೂ ಸಂಖ್ಯೆ ತಪ್ಪಿದರೆ, ಏಳು ದೊಡ್ಡದೋ ಒಂಬತ್ತು ದೊಡ್ಡದೋ ಎಂದು ಪ್ರತಿ ಸಲ ಬೆರಳು ಮಡಿಸಿಯೇ ಹೇಳಬೇಕಾದರೆ, ಪರೀಕ್ಷೆ ಮಾಡಿಸಿ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಕಲಿಕೆಯ ತೊಂದರೆಗಳಿಗೆಂದೇ ಕ್ಲಿನಿಕ್ ಇದೆ.

ಆರು ವರ್ಷದ ಮೊಮ್ಮಗನಿಗೆ ಕೆಳಗಿನ ಸಾಲಿನ ತುದಿಯಲ್ಲಿ ದವಡೆ ಹಲ್ಲು ಬರುತ್ತಿದೆ. ಅಲ್ಲಿಂದ ಯಾವ ಹಾಲುಹಲ್ಲೂ ಬಿದ್ದಿಲ್ಲ. ಇದು ಹಾಲುಹಲ್ಲೇ ತಾನೇ? — ಮುಲುಂಡ್‌ನ ಅಜ್ಜಿ

ಅಲ್ಲ, ಅದು ಜೀವಮಾನಕ್ಕೆ ಬರುವ ಹಲ್ಲು. ಹಾಲುಹಲ್ಲಿನ ಸಾಲಿನ ಹಿಂದೆ, ಖಾಲಿ ಜಾಗದಲ್ಲಿ, ಯಾವುದನ್ನೂ ಬೀಳಿಸದೆ ಸುಮಾರು ಆರನೇ ವರ್ಷಕ್ಕೆ ನಾಲ್ಕು ಮೂಲೆಗೂ ಒಂದೊಂದು ಬರುತ್ತದೆ. ಹಾಲುಹಲ್ಲು, ಹೇಗೂ ಬೀಳುತ್ತದೆ ಎಂದು ಮನೆಯವರು ಬಿಟ್ಟುಬಿಡುವುದು ಇದನ್ನೇ, ಮೊದಲು ಹುಳುಕಾಗುವುದೂ ಇದೇ. ಅದರ ಮೇಲ್ಮೈಯಲ್ಲಿ ಆಳವಾದ ಗೀರುಗಳಿವೆ, ಮಗುವಿನ ಬ್ರಷ್ ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಆ ನಾಲ್ಕನ್ನು ರಾತ್ರಿ ನೀವೇ ಉಜ್ಜಿಕೊಡಿ.

ಮೊಮ್ಮಗನಿಗೆ ಒಂದು ಲೆಕ್ಕವನ್ನೂ ಕೊಡಿ. ಹಾಲುಹಲ್ಲು ಬಾಯಿಯ ಕಾಲುಭಾಗಕ್ಕೆ ಐದು: ಬಾಚಿಹಲ್ಲು 2, ಕೋರೆಹಲ್ಲು 1, ದವಡೆ 2. ನಾಲ್ಕು ಕಾಲುಭಾಗ ಸೇರಿ 20. ದೊಡ್ಡವರಿಗೆ ಕಾಲುಭಾಗಕ್ಕೆ ಎಂಟು, ಒಟ್ಟು 32. ನಾಲ್ಕು ಬಾಚಿಹಲ್ಲು ಬಿದ್ದು, ಅವುಗಳ ಜಾಗಕ್ಕೆ ಎರಡು ಬಂದು, ಹಿಂದಿನ ನಾಲ್ಕೂ ದವಡೆ ಬಂದ ಮಗುವಿನ ಬಾಯಲ್ಲಿ ಎಷ್ಟು? 20 − 4 + 2 + 4, ಅಂದರೆ 22. ಕನ್ನಡಿ ಮುಂದೆ ನಿಂತು ಎಣಿಸಲಿ.

ಮಗ ನಾಲ್ಕನೇ ತರಗತಿ. ಕಳೆಯುವ ಲೆಕ್ಕದಲ್ಲಿ ನಡುವೆ ಸೊನ್ನೆ ಬಂದರೆ ಪ್ರತಿ ಸಲ ಬೇರೆ ಬೇರೆ ತಪ್ಪು ಉತ್ತರ. ಅಭ್ಯಾಸ ಹೆಚ್ಚು ಮಾಡಿಸಿದರೆ ಸರಿಹೋಗುತ್ತದೆಯೇ? — ಚಿಂಚವಾಡದ ತಂದೆ

ತಪ್ಪು ಯಾವುದು ಎಂದು ನೋಡದೆ ಅಭ್ಯಾಸ ಹೆಚ್ಚಿಸಿದರೆ ತಪ್ಪೇ ಗಟ್ಟಿಯಾಗುತ್ತದೆ. 503ರಲ್ಲಿ 278 ಕಳೆಯಲು ಕೊಡಿ, ಉತ್ತರ ನೋಡಿ. ಸರಿಯುತ್ತರ 225.

375 ಬಂದರೆ ಅವನು ಪ್ರತಿ ಸಾಲಿನಲ್ಲೂ ಮೇಲೆ ಕೆಳಗೆ ನೋಡದೆ ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಿದ್ದಾನೆ. 8ರಲ್ಲಿ 3 ಹೋದರೆ 5, 7ರಲ್ಲಿ 0 ಹೋದರೆ 7. ದಶಕ ತೆಗೆದುಕೊಳ್ಳುವುದು ಅವನಿಗೆ ಇನ್ನೂ ಬಂದೇ ಇಲ್ಲ ಎಂದರ್ಥ. ಎರಡಂಕಿಯ ಲೆಕ್ಕಕ್ಕೆ ಹಿಂದೆ ಹೋಗಿ. 235 ಬಂದರೆ ನೂರನ್ನು ಒಡೆದು ಹತ್ತು ಹತ್ತು ಮಾಡಿದ್ದಾನೆ, ಆದರೆ ಅದರಿಂದ ಒಂದು ಹತ್ತನ್ನು ಬಿಡಿಗೆ ಕೊಟ್ಟ ಮೇಲೂ ನಡುವೆ 10 ಇದೆ ಎಂದೇ ಇಟ್ಟುಕೊಂಡಿದ್ದಾನೆ. ಅಲ್ಲಿ 9 ಉಳಿದಿರಬೇಕು. 325 ಬಂದರೆ ನಡುವಿನ 9 ಸರಿ, ಆದರೆ 5 ನೂರು 4 ಆದದ್ದನ್ನು ಮರೆತಿದ್ದಾನೆ. ಮೂರು ಉತ್ತರ, ಮೂರು ಬೇರೆ ಕಾರಣ. 602 − 347, 400 − 156 ಹೀಗೆ ನಾಲ್ಕೈದು ಲೆಕ್ಕ ಕೊಟ್ಟರೆ ಅವನದು ಯಾವುದು ಎಂದು ತಿಳಿಯುತ್ತದೆ. ಪ್ರತಿ ಸಲ ಬೇರೆ ಎಂದು ನಿಮಗೆ ಕಾಣುತ್ತಿರುವ ಉತ್ತರಗಳ ಹಿಂದೆ ಸಾಮಾನ್ಯವಾಗಿ ಒಂದೋ ಎರಡೋ ಕಾರಣಗಳೇ ಇರುತ್ತವೆ.

ಮದ್ದು ಎಲ್ಲಕ್ಕೂ ಒಂದೇ: ಆಟದ ನೋಟು. ಕಾಗದದಲ್ಲಿ ನೂರರ ಐದು ನೋಟು, ಒಂದು ರೂಪಾಯಿಯ ಮೂರು ಬಿಲ್ಲೆ ಕೊಟ್ಟು 278 ಕೇಳಿ. ನೀವು ಬ್ಯಾಂಕು. ಎಂಟು ರೂಪಾಯಿ ಕೊಡಲು ಚಿಲ್ಲರೆ ಇಲ್ಲ, ಹತ್ತರ ನೋಟೂ ಇಲ್ಲ. ನೂರು ಮುರಿಸಿದರೆ ಹತ್ತು ಹತ್ತರ ನೋಟು ಬರುತ್ತವೆ, ಅದರಲ್ಲಿ ಒಂದನ್ನು ಮುರಿಸಿದರೆ ಹತ್ತು ಬಿಲ್ಲೆ. ಈಗ ಕೈಯಲ್ಲಿ 4 ನೂರು, 9 ಹತ್ತು, 13 ಬಿಲ್ಲೆ. ಪ್ರತಿ ಸಲ ಮುರಿಸಿದಾಗಲೂ ನೋಟಿನ ಎಣಿಕೆಯನ್ನು ಲೆಕ್ಕದ ಮೇಲೆ ಬರೆಯಲಿ. ನೋಟಿನ ಆಟ ಒಂದು ಕಡೆ, ಬರೆಯುವುದು ಇನ್ನೊಂದು ಕಡೆ ಆದರೆ ಪ್ರಯೋಜನವಿಲ್ಲ.

ಇದು ಕೂತ ಮೇಲೆ ತಾಳೆ ನೋಡಲು ಒಂದು ಸುಲಭ ದಾರಿ ಇದೆ. ಎರಡೂ ಸಂಖ್ಯೆಗಳಿಂದ 4 ತೆಗೆದರೆ 499 − 274. ದಶಕದ ಗೊಡವೆಯೇ ಇಲ್ಲ, ಉತ್ತರ 225. ಎರಡರಿಂದಲೂ ಅಷ್ಟೇ ತೆಗೆದರೆ ಅಂತರ ಬದಲಾಗುವುದಿಲ್ಲ ಏಕೆ ಎಂದು ಅವನೇ ಹೇಳುವಂತಾಗಲಿ. ಸೂತ್ರವಾಗಿ ಮಾತ್ರ ಕೊಡಬೇಡಿ. ಕೊಟ್ಟರೆ ಕೂಡುವ ಲೆಕ್ಕಕ್ಕೂ ಹಚ್ಚುತ್ತಾನೆ.

ವಾಸ್ಕೋದಲ್ಲಿ ಭಾನುವಾರ ನಮ್ಮ ಬಡಾವಣೆಯ ಮಕ್ಕಳಿಗೆ ಕನ್ನಡ ಓದು ಬರಹ ಕಲಿಸುತ್ತೇವೆ. ಐದರಿಂದ ಏಳನೇ ತರಗತಿಯವರು. ಮೈಯ ಎಲುಬುಗಳ ಬಗ್ಗೆ ನಾಲ್ಕು ಪಾಠ ಮಾಡುವ ಯೋಚನೆ. ಅಸ್ಥಿಪಂಜರದ ಮಾದರಿ ಕೊಳ್ಳುವ ಶಕ್ತಿ ಇಲ್ಲ. ಏನು ಮಾಡಬಹುದು? — ಗೋವೆಯ ಸ್ವಯಂಸೇವಕರು

ಮಾದರಿ ಇಲ್ಲದಿರುವುದೇ ಒಳ್ಳೆಯದು ಅನ್ನುವಷ್ಟು ಕೆಲಸ ಮಕ್ಕಳ ಮೈಯಲ್ಲೇ ಇದೆ. ಪ್ಲಾಸ್ಟಿಕ್ಕಿನ ಅಸ್ಥಿಪಂಜರ ಎದುರಿಗಿದ್ದರೆ ಮಕ್ಕಳು ಅದನ್ನು ನೋಡುತ್ತಾರೆ, ತಮ್ಮನ್ನು ಮುಟ್ಟಿಕೊಳ್ಳುವುದಿಲ್ಲ.

ಮೊದಲ ಪಾಠ ಕೈ. ಹಾಳೆಯ ಮೇಲೆ ಅಂಗೈ ಇಟ್ಟು ಸುತ್ತ ಗೆರೆ ಎಳೆಯಲಿ. ಇನ್ನೊಂದು ಕೈಯಿಂದ ಒತ್ತಿ ಪ್ರತಿ ಗಣ್ಣನ್ನೂ ಹುಡುಕಿ ಚಿತ್ರದಲ್ಲಿ ಬರೆಯಲಿ. ಬೆರಳಿಗೆ ಮೂರು ಎಲುಬು, ಐದು ಬೆರಳು, ಆದ್ದರಿಂದ 15 ಎಂದು ಅರ್ಧ ತರಗತಿ ಹೇಳುತ್ತದೆ. ಹೆಬ್ಬೆರಳನ್ನು ಮಡಿಸಿ ನೋಡಲಿ, ಅಲ್ಲಿ ಎರಡೇ. 5 × 3 − 1 = 14. ಅಂಗೈಯಲ್ಲಿ 5, ಮಣಿಕಟ್ಟಿನಲ್ಲಿ ಎರಡು ಸಾಲಾಗಿ 8; ಒಂದು ಕೈಗೆ 27. ಪಾದದಲ್ಲೂ ಬೆರಳಿಗೆ 14, ಅಂಗಾಲಿಗೆ 5, ಆದರೆ ಹಿಂಭಾಗದಲ್ಲಿ 7. ಒಂದು ಪಾದಕ್ಕೆ 26. ಎರಡು ಕೈ ಎರಡು ಪಾದ ಸೇರಿಸಿದರೆ 106. ದೊಡ್ಡವರ ಮೈಯಲ್ಲಿ ಇರುವುದು ಒಟ್ಟು 206. ಅರ್ಧಕ್ಕಿಂತ ಹೆಚ್ಚು ಎಲುಬು ಅಲ್ಲೇ ಇವೆ ಎಂಬುದನ್ನು ಮಕ್ಕಳೇ ಲೆಕ್ಕ ಹಾಕಿ ಕಂಡುಕೊಳ್ಳಲಿ, ನೀವು ಹೇಳಬೇಡಿ.

ಇನ್ನೊಂದು ಪ್ರಶ್ನೆ ಕೇಳಿ: ಕೈಯ ಪಂಜದಲ್ಲಿ 27, ಪಾದದಲ್ಲಿ 26. ಹಾಗಿದ್ದೂ ಇಡೀ ತೋಳು ಮತ್ತು ಇಡೀ ಕಾಲು ಎರಡರಲ್ಲೂ 30 ಹೇಗೆ? ತೋಳಿನಲ್ಲಿ ಮೇಲೆ ಒಂದು, ಮುಂಗೈಯಲ್ಲಿ ಎರಡು. ಕಾಲಿನಲ್ಲಿ ತೊಡೆಗೆ ಒಂದು, ಮೊಣಕಾಲ ಕೆಳಗೆ ಎರಡು, ಜೊತೆಗೆ ಮೊಣಕಾಲ ಚಿಪ್ಪು. ಕಾಲು ಚಾಚಿ ಸಡಿಲ ಬಿಟ್ಟು ಕೂತರೆ ಆ ಚಿಪ್ಪು ಬೆರಳಿಗೆ ಸಿಕ್ಕಿ ಆಚೆ ಈಚೆ ಜರುಗುತ್ತದೆ.

ಎರಡನೇ ಪಾಠ ಬೆನ್ನು. ಇದಕ್ಕೊಂದು ವಸ್ತು ಮಾಡಿಸಿ. ಬೇಕಾದದ್ದು ನೀರಿನ ಬಾಟಲಿಯ 24 ಮುಚ್ಚಳ, ಹಳೆಯ ಹವಾಯಿ ಚಪ್ಪಲಿಯ ಅಟ್ಟೆ, ಎರಡು ಮೀಟರ್ ನೈಲಾನ್ ಹುರಿ, ರಟ್ಟು. ಮುಚ್ಚಳಗಳ ನಡುವೆ ದೊಡ್ಡವರೊಬ್ಬರು ಕಾಯಿಸಿದ ಮೊಳೆಯಿಂದ ತೂತು ಮಾಡಲಿ. ಚಪ್ಪಲಿಯ ಅಟ್ಟೆಯಿಂದ ಮುಚ್ಚಳಕ್ಕಿಂತ ಸ್ವಲ್ಪ ಕಿರಿದಾದ 23 ಬಿಲ್ಲೆ ಕತ್ತರಿಸಿ, ಅವಕ್ಕೂ ತೂತು ಮಾಡಿ. ಮುಚ್ಚಳ ಎಂದರೆ ಬೆನ್ನೆಲುಬಿನ ಮಣಿ (ಕಶೇರುಮಣಿ), ರಬ್ಬರ್ ಬಿಲ್ಲೆ ಎಂದರೆ ಮಣಿಗಳ ನಡುವಿನ ಮೆತ್ತೆ; ಒಂದಾದ ಮೇಲೊಂದು ಹುರಿಗೆ ಪೋಣಿಸಿ. ಕುತ್ತಿಗೆಗೆ 7, ಎದೆಯ ಹಿಂದೆ 12, ಸೊಂಟಕ್ಕೆ 5 ಮುಚ್ಚಳ, ಮೂರು ಬಣ್ಣ ಸಿಕ್ಕರೆ ಬಹಳ ಒಳ್ಳೆಯದು. ಕೆಳಗೆ ರಟ್ಟಿನ ಒಂದು ತ್ರಿಕೋನ, ಅದರ ತುದಿಗೆ ಸಣ್ಣದೊಂದು ಬಾಲದ ತುಂಡು. ಮೇಲಿನ ಎರಡು ಮುಚ್ಚಳಗಳ ನಡುವೆ ಮಾತ್ರ ರಬ್ಬರ್ ಹಾಕಬೇಡಿ. ಕುತ್ತಿಗೆಯ ಮೊದಲನೆಯ ಮತ್ತು ಎರಡನೆಯ ಕಶೇರುಮಣಿಗಳ ನಡುವೆ ಮೆತ್ತೆ ಇಲ್ಲ, ತಲೆ ಎಡಬಲ ತಿರುಗುವುದು ಬಹುಪಾಲು ಅಲ್ಲೇ. ಉಳಿದ ಎಲ್ಲ ಸಂದಿಗೂ ಒಂದೊಂದು, ಸೊಂಟದ ಕೊನೆಯ ಮಣಿ ಮತ್ತು ತ್ರಿಕೋನದ ನಡುವಿನದೂ ಸೇರಿ 23. ಹುರಿಯನ್ನು ಬಿಗಿದರೆ ಬೆನ್ನು ಕೋಲಾಗುತ್ತದೆ, ಪೂರ್ತಿ ಸಡಿಲ ಬಿಟ್ಟರೆ ಕುಸಿಯುತ್ತದೆ. ಎರಡು ಬೆರಳಷ್ಟು ಸಡಿಲ ಬಿಟ್ಟು ಗಂಟು ಹಾಕಿ. ಮುಂದಕ್ಕೆ ಬಾಗಿಸಿದಾಗ ರಬ್ಬರಿನ ಮುಂಭಾಗ ಹಿಸುಕಿ ಹಿಂಭಾಗ ಬಿಡುವಾಗುವುದು ಕಾಣುತ್ತದೆ. ಭಾರದ ಚೀಲವನ್ನು ಸೊಂಟ ಬಾಗಿಸಿ ಎತ್ತಬೇಡಿ, ಮೊಣಕಾಲು ಮಡಿಸಿ ಎತ್ತಿ ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಲೆಕ್ಕ: ಚಿಕ್ಕ ಮಗುವಿನ ಬೆನ್ನಿನಲ್ಲಿ 7 + 12 + 5 + 5 + 4 = 33 ಮಣಿ. ಬೆಳೆದಂತೆ ಕೆಳಗಿನ 5 ಬೆಸೆದು ಒಂದು, 4 ಬೆಸೆದು ಒಂದು. ದೊಡ್ಡವರಲ್ಲಿ ಎಷ್ಟು? ‘33 − 9 = 24’ ಎಂದು ಉತ್ತರ ಬಂದೇ ಬರುತ್ತದೆ. ಬೆಸೆದ ಎಲುಬು ಮಾಯವಾಗಿಲ್ಲ, ಎರಡಾಗಿ ಉಳಿದಿದೆ, 26.

ಮೂರನೇ ಪಾಠಕ್ಕೆ ಮನೆಯಲ್ಲಿರುವ ಹಳೆಯ ಎಕ್ಸ್‌ರೇ ತರಲು ಹೇಳಿ, ಹೆಸರಿರುವ ಮೂಲೆಯನ್ನು ಕಾಗದ ಅಂಟಿಸಿ ಮುಚ್ಚಿ, ಕಿಟಕಿಯ ಗಾಜಿಗೆ ಅಂಟಿಸಿ. ಪಕ್ಕೆಲುಬು ಒಟ್ಟು 12 ಜೊತೆ; ಎದೆಯ ಎಕ್ಸ್‌ರೇಯಲ್ಲಿ ಕಾಣುವಷ್ಟನ್ನು ಎಣಿಸಲಿ. ಐದಾರು ವರ್ಷದ ಮಗುವಿನ ಕೈಯ ಎಕ್ಸ್‌ರೇ ಸಿಕ್ಕರೆ ಗಮನಿಸಿ: ಮಣಿಕಟ್ಟಿನಲ್ಲಿ ಎಂಟು ಎಲುಬು ಕಾಣುವುದಿಲ್ಲ. ಹುಟ್ಟುವಾಗ ಅವೆಲ್ಲ ಮೃದ್ವಸ್ಥಿ, ಒಂದೊಂದಾಗಿ ಗಟ್ಟಿಯಾಗುತ್ತ ಬಂದು ಕೊನೆಯದು ಒಂಬತ್ತರಿಂದ ಹನ್ನೆರಡು ವರ್ಷದ ನಡುವೆ ಕಾಣಿಸುತ್ತದೆ. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಮೂಡುವುದಿಲ್ಲ. ಬೆರಳಿನ ಎಲುಬಿನ ಬುಡದಲ್ಲಿ ಕಾಣುವ ಕಪ್ಪು ಗೆರೆ ಮುರಿತವಲ್ಲ, ಎಲುಬು ಉದ್ದ ಬೆಳೆಯುವ ಜಾಗ. ಇದನ್ನು ಮೊದಲೇ ಹೇಳಿಬಿಡಿ, ಇಲ್ಲವಾದರೆ ಮಕ್ಕಳು ಹೆದರುತ್ತಾರೆ.

ನಾಲ್ಕನೆಯದು ಕೂಡುವ ಪಾಠ. ತಲೆಬುರುಡೆ 22, ಕಿವಿಗಳ ಒಳಗೆ 6, ನಾಲಿಗೆಯ ಬುಡದಲ್ಲಿ 1, ಬೆನ್ನು 26, ಪಕ್ಕೆಲುಬು 24, ಎದೆಯ ನಡುವೆ 1: ಮೊತ್ತ 80. ಭುಜದ ಕಟ್ಟು 4, ತೋಳುಗಳು 60, ಸೊಂಟ 2, ಕಾಲುಗಳು 60: ಮೊತ್ತ 126. ಯಾವ ಗುಂಪಿಗೆ 206 ಬರಲಿಲ್ಲವೋ ಅವರು ಎಲ್ಲಿ ಬಿಟ್ಟರೆಂದು ತಮ್ಮ ಮೈಯಲ್ಲೇ ಹುಡುಕಲಿ. ಹೆಚ್ಚಾಗಿ ಬಿಡುವುದು ಭುಜದ ಹಿಂದಿನ ಹಲಗೆಯಂಥ ಎಲುಬನ್ನು. ಸಾಧ್ಯವಾದರೆ ಒಮ್ಮೆ ಪಣಜಿಯ ಮಿರಾಮಾರ್‌ನಲ್ಲಿರುವ ಗೋವಾ ವಿಜ್ಞಾನ ಕೇಂದ್ರಕ್ಕೂ ಕರೆದೊಯ್ಯಿರಿ.

ಮೂರನೇ ಒಂದು, ನಾಲ್ಕನೇ ಒಂದು ಕೂಡಿಸಿದರೆ ಏಳನೇ ಎರಡು ಅನ್ನುತ್ತಾಳೆ ಮಗಳು. ಎಷ್ಟು ಸಲ ಲ.ಸಾ.ಅ. ಹೇಳಿಕೊಟ್ಟರೂ ಮರೆಯುತ್ತಾಳೆ. — ವಾಶಿ

ಲ.ಸಾ.ಅ. ಸ್ವಲ್ಪ ದಿನ ಬದಿಗಿಡಿ. 12 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿಗಳನ್ನು ಕತ್ತರಿಸಿ. ಒಂದನ್ನು ಮೂರು ಸಮಭಾಗ ಮಾಡಿದರೆ ತುಂಡು 4 ಸೆಂ.ಮೀ., ಇನ್ನೊಂದನ್ನು ನಾಲ್ಕು ಮಾಡಿದರೆ 3 ಸೆಂ.ಮೀ. ಎರಡು ತುಂಡು ಒತ್ತಟ್ಟಿಗೆ ಇಟ್ಟರೆ 7 ಸೆಂ.ಮೀ., ಅಂದರೆ 12ರಲ್ಲಿ 7. ಅವಳ ಉತ್ತರ ಏಕೆ ಆಗದು ಎಂದು ತೋರಿಸಲು ಇನ್ನೂ ಒಳ್ಳೆಯ ದಾರಿ ಇದೆ: ಏಳನೇ ಎರಡು 12 ಸೆಂ.ಮೀ. ಪಟ್ಟಿಯಲ್ಲಿ ಸುಮಾರು 3.4 ಸೆಂ.ಮೀ. ಮೂರನೇ ಒಂದೇ 4 ಸೆಂ.ಮೀ. ಇತ್ತಲ್ಲ, ಕೂಡಿಸಿದ ಮೇಲೆ ಕಡಿಮೆಯಾಯಿತೇ? ಈ ಪ್ರಶ್ನೆ ಅವಳಿಗೆ ತಾಗಿದರೆ ಮುಂದಿನದು ಸುಲಭ.

ಚಪಾತಿ ಕತ್ತರಿಸಿ ತೋರಿಸುವುದು ಅರ್ಧ, ಕಾಲಿಗೆ ಸರಿ. ದುಂಡಗಿನದನ್ನು ಮೂರು, ಐದು ಸಮಭಾಗ ಮಾಡಲು ದೊಡ್ಡವರಿಗೇ ಬರುವುದಿಲ್ಲ. ಅಸಮ ತುಂಡು ನೋಡಿದ ಮಗು ‘ಭಾಗ’ ಎಂದರೆ ಬರೀ ತುಂಡು ಎಂದುಕೊಳ್ಳುತ್ತದೆ. ಪಟ್ಟಿಯನ್ನೇ ಹಿಡಿಯಿರಿ. 3/5 + 1/2ಕ್ಕೆ 10 ಸೆಂ.ಮೀ. ಪಟ್ಟಿ, 5/6 − 3/4ಕ್ಕೆ ಮತ್ತೆ 12. ಪಟ್ಟಿ ಎಷ್ಟು ಉದ್ದ ಇರಬೇಕು ಎಂದು ಅವಳೇ ಹೇಳತೊಡಗಿದ ದಿನ ಲ.ಸಾ.ಅ. ತಾನಾಗಿ ಬಂತು ಎಂದು ತಿಳಿಯಿರಿ.

ಪುಣೆಯಲ್ಲಿ ಜಿಎನ್‌ಎಂ ನರ್ಸಿಂಗ್ ಮೊದಲ ವರ್ಷ. ಅಕ್ಕಲಕೋಟೆಯಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಅನಾಟಮಿ ಬಾಯಿಪಾಠ ಆಗುತ್ತಿಲ್ಲ. ಚಿತ್ರದಲ್ಲಿ ಎಡ ಬಲ ತಿರುಗುಮುರುಗಾಗುತ್ತದೆ, ಆರ್ಟರಿ ಮತ್ತು ವೇನ್ ಗೊಂದಲ. ಮೇಡಂ, ದಾರಿ ಹೇಳಿ. — ಹಡಪ್ಸರದ ವಿದ್ಯಾರ್ಥಿನಿ

ಬಾಯಿಪಾಠದಿಂದ ಶುರು ಮಾಡಿದ್ದೇ ತೊಡಕು, ತಂಗಿ. ಮೊದಲು ನಿಲುವು ಕಲಿಯಿರಿ. ನೆಟ್ಟಗೆ ನಿಂತು, ಪಾದ ಮುಂದೆ, ಅಂಗೈ ಮುಂದಕ್ಕೆ ತಿರುಗಿಸಿ. ಹೆಬ್ಬೆರಳು ಮೈಯಿಂದ ಹೊರಗೆ ಇರಬೇಕು. ಪುಸ್ತಕದ ಪ್ರತಿ ವಾಕ್ಯವೂ ಈ ನಿಲುವಿನದು. ಮುಂಗೈಯ ಎರಡು ಎಲುಬುಗಳಲ್ಲಿ ರೇಡಿಯಸ್ ಹೆಬ್ಬೆರಳ ಕಡೆ, ಅಲ್ನಾ ಕಿರುಬೆರಳ ಕಡೆ. ಕೈ ತಿರುಗಿಸಿದರೂ ಈ ಜೋಡಿ ಬದಲಾಗದು, ಯಾಕೆಂದರೆ ರೇಡಿಯಸ್ಸೇ ಹೆಬ್ಬೆರಳನ್ನು ಹೊತ್ತುಕೊಂಡು ಅಲ್ನಾದ ಮೇಲೆ ಹೊರಳುತ್ತದೆ. ನಾಡಿ ನೋಡುವುದು ರೇಡಿಯಸ್ ಕಡೆ.

ಬಲ ಎಂದರೆ ಯಾವಾಗಲೂ ರೋಗಿಯ ಬಲ. ಚಿತ್ರದ ಮನುಷ್ಯ ನಿಮಗೆ ಎದುರು ನಿಂತಿದ್ದಾನೆ, ಹಾಗಾಗಿ ಅವನ ಬಲ ಹಾಳೆಯ ಎಡಕ್ಕಿದೆ. ಪ್ರತಿ ಚಿತ್ರ ಬರೆಯುವ ಮುನ್ನ ಹಾಳೆಯ ಎಡ ಮೂಲೆಯಲ್ಲಿ ‘ಬಲ’ ಎಂದು ಬರೆದುಬಿಡಿ. ಹಳೆಯ ಬಿಳಿ ಟಿ-ಶರ್ಟ್ ಹಾಕಿಕೊಂಡು ಗೆಳತಿಯಿಂದ ಹೊಕ್ಕುಳ ಮೇಲೆ ಅಡ್ಡ ಉದ್ದ ಗೆರೆ ಎಳೆಸಿ ನಾಲ್ಕು ಭಾಗ ಮಾಡಿಕೊಳ್ಳಿ. ಯಕೃತ್ತು ಬಲ ಮೇಲ್ಭಾಗ, ಪಕ್ಕೆಲುಬಿನ ಅಡಿ. ಜಠರ ಮತ್ತು ಗುಲ್ಮ (ಸ್ಪ್ಲೀನ್) ಎಡ ಮೇಲ್ಭಾಗ. ‘ಹೊಟ್ಟೆ’ ಎಂದು ನಾವು ಮುಟ್ಟಿ ತೋರಿಸುವ ಹೊಕ್ಕುಳ ಹತ್ತಿರ ಇರುವುದು ಬಹುಪಾಲು ಸಣ್ಣಕರುಳು, ಜಠರವಲ್ಲ. ಅಪೆಂಡಿಕ್ಸ್ ಬಲ ಕೆಳಭಾಗ: ಬಲ ಸೊಂಟದ ಮುಂದೆ ಕೈಗೆ ಸಿಗುವ ಎಲುಬಿನ ತುದಿಯಿಂದ ಹೊಕ್ಕುಳಿಗೆ ಗೆರೆ ಎಳೆದು, ಎಲುಬಿನ ಕಡೆಯಿಂದ ಮೂರನೇ ಒಂದು ಭಾಗದಲ್ಲಿ ಅದರ ಬುಡ. ಮೂತ್ರಪಿಂಡಗಳು ಹಿಂಗೋಡೆಗೆ ಅಂಟಿಕೊಂಡಿವೆ, ಮೇಲೆ ಯಕೃತ್ತು ಇರುವುದರಿಂದ ಬಲದ್ದು ಸ್ವಲ್ಪ ಕೆಳಗೆ.

ಎದೆಯ ಮೇಲೆ ಪಕ್ಕೆಲುಬು ಎಣಿಸುವಾಗ ತಪ್ಪುವುದು ಮೊದಲನೆಯದರಲ್ಲಿ. ಅದು ಎದೆಯ ಮೇಲ್ತುದಿಯಿಂದ ಭುಜಕ್ಕೆ ಹೋಗುವ ಕತ್ತಿನೆಲುಬಿನ (ಕ್ಲಾವಿಕಲ್) ಹಿಂದೆ ಅಡಗಿದೆ, ಕೈಗೆ ಸುಲಭವಾಗಿ ಸಿಗದು. ಕೊರಳ ಗುಳಿಯಿಂದ ಬೆರಳನ್ನು ಕೆಳಗೆ ಜಾರಿಸಿದರೆ ಸುಮಾರು ಮೂರು ಬೆರಳಗಲ ಕೆಳಗೆ ಅಡ್ಡ ಏಣು ಸಿಗುತ್ತದೆ. ಅಲ್ಲಿ ಪಕ್ಕಕ್ಕೆ ಸರಿದರೆ ಬರುವುದು ಎರಡನೇ ಪಕ್ಕೆಲುಬು. ಅಲ್ಲಿಂದ ಎಣಿಸುತ್ತ ಐದನೇ ಸಂದಿಗೆ ಇಳಿದು, ಎಡ ಕತ್ತಿನೆಲುಬಿನ ನಡುವಿನಿಂದ ನೇರ ಕೆಳಗೆ ಬಂದರೆ ಹೃದಯದ ತುದಿಯ ಬಡಿತ. ವಾರ್ಡಿನಲ್ಲಿ ಇದು ದಿನವೂ ಬೇಕು.

ಆರ್ಟರಿ, ವೇನ್ ಬಗ್ಗೆ: ‘ಶುದ್ಧ ರಕ್ತ ಆರ್ಟರಿ, ಅಶುದ್ಧ ರಕ್ತ ವೇನ್’ ಎಂದು ಶಾಲೆಯಲ್ಲಿ ಕಲಿತದ್ದನ್ನು ಬಿಟ್ಟುಬಿಡಿ. ಹೃದಯದಿಂದ ಹೊರಗೆ ಹೋಗುವುದು ಅಪಧಮನಿ (ಆರ್ಟರಿ), ಹೃದಯಕ್ಕೆ ಬರುವುದು ಅಭಿಧಮನಿ (ವೇನ್). ಒಳಗಿನ ರಕ್ತ ಯಾವುದು ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆ ಇರುವ ರಕ್ತ, ಅಲ್ಲಿಂದ ಎಡಭಾಗಕ್ಕೆ ಮರಳುವ ನಾಲ್ಕು ಅಭಿಧಮನಿಗಳಲ್ಲಿ ಆಮ್ಲಜನಕ ತುಂಬಿದ ರಕ್ತ. ದಾರಿಯನ್ನು ಬೆರಳಿಟ್ಟು ಹೇಳಿ: ಮಹಾ ಅಭಿಧಮನಿಗಳು, ಬಲ ಹೃತ್ಕರ್ಣ (ಹೃದಯದ ಮೇಲಿನ ಕೋಣೆ), ಮೂರು ದಳದ ಕವಾಟ, ಬಲ ಹೃತ್ಕುಕ್ಷಿ (ಕೆಳಗಿನ ಕೋಣೆ), ಶ್ವಾಸಕೋಶ, ಎಡ ಹೃತ್ಕರ್ಣ, ಎರಡು ದಳದ ಕವಾಟ, ಎಡ ಹೃತ್ಕುಕ್ಷಿ, ಮಹಾಪಧಮನಿ. ಇಡೀ ಮೈಗೆ ತಳ್ಳಬೇಕಾದ್ದರಿಂದ ಎಡ ಕುಕ್ಷಿಯ ಗೋಡೆ ಬಲದ್ದಕ್ಕಿಂತ ಬಹಳ ದಪ್ಪ. ಚಿತ್ರದಲ್ಲಿ ದಪ್ಪ ಗೋಡೆ ಕಂಡ ಕಡೆ ಎಡ ಎಂದು ಗುರುತಿಸಿ.

ಓದುವ ಕ್ರಮ: ಪುಸ್ತಕ ನೋಡಿ ಒಮ್ಮೆ ಬರೆಯಿರಿ. ಮುಚ್ಚಿ ಖಾಲಿ ಹಾಳೆಯಲ್ಲಿ ಬರೆದು ಹೆಸರು ತುಂಬಿ. ಬಿಟ್ಟದ್ದನ್ನು ಮಾತ್ರ ಕೆಂಪಿನಲ್ಲಿ ಸೇರಿಸಿ. ಮರುದಿನ, ಮೂರನೆಯ ದಿನ, ವಾರದ ಮೇಲೆ ಮತ್ತೆ ಖಾಲಿ ಹಾಳೆ. ನಾಲ್ಕು ಸಲ ಓದುವುದಕ್ಕಿಂತ ನಾಲ್ಕು ಸಲ ನೋಡದೆ ಬರೆಯುವುದು ಹೆಚ್ಚು ಉಳಿಯುತ್ತದೆ. ಉತ್ತರ ಇಂಗ್ಲಿಷಿನಲ್ಲೇ ಬರೆಯಬೇಕಾದ್ದರಿಂದ ಚಿತ್ರದ ಹೆಸರುಗಳು ಇಂಗ್ಲಿಷಿನಲ್ಲಿರಲಿ, ಕೆಲಸ ಏನು ಎಂಬ ವಿವರಣೆಯನ್ನು ಮೊದಲು ಕನ್ನಡದಲ್ಲಿ ನಿಮಗೇ ನೀವು ಹೇಳಿಕೊಳ್ಳಿ.

ನಮ್ಮ ಕಾಲದಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಹೇಳುತ್ತಿದ್ದೆವು. ಈಗಿನವರು ಹತ್ತರ ಮಗ್ಗಿಗೇ ಸುಸ್ತು. ಮಗ್ಗಿ ಬಾಯಿಪಾಠ ಬೇಕೋ ಬೇಡವೋ? — ಮಾತುಂಗಾದ ಹಿರಿಯರು

ಬೇಕು. ಅರ್ಥವಾದ ಮೇಲೆ ಬೇಕು. ಮಗ್ಗಿ ಬಾಯಲ್ಲಿ ಇಲ್ಲದ ಮಗು ಭಾಗಾಕಾರದ ನಡುವೆ 7 × 8 ಹುಡುಕಲು ನಿಂತು, ತಾನು ಎಲ್ಲಿದ್ದೆ ಎಂಬುದನ್ನೇ ಮರೆಯುತ್ತದೆ.

ಆದರೆ ಹೊರೆ ನಾವು ಅಂದುಕೊಂಡಷ್ಟಿಲ್ಲ. ಒಂದರ, ಹತ್ತರ ಮಗ್ಗಿಗೆ ಶ್ರಮವಿಲ್ಲ. 2ರಿಂದ 9ರವರೆಗೆ 64 ಗುಣಲಬ್ಧ. 3 × 7, 7 × 3 ಒಂದೇ ಎಂದು ಗೊತ್ತಾದರೆ 36. ಎರಡರದು, ಐದರದು ಎಲ್ಲರಿಗೂ ಬರುತ್ತದೆ, ತೆಗೆದರೆ ಉಳಿಯುವುದು 21. ಈ 21ನ್ನು ಚೀಟಿಗಳಲ್ಲಿ ಬರೆದು ದಿನಕ್ಕೆ ಮೂರು ಹೊಸದು, ಹಿಂದಿನವು ಕಲೆಸಿ ಕೇಳಿ. ಸಾಲಾಗಿ ಹಾಡಿಸುವುದರಲ್ಲಿ ಒಂದು ಕೊರತೆ ಇದೆ: ಏಳೆಂಟ್ಲ ಬೇಕಾದಾಗ ಮಗು ಏಳೊಂದ್ಲದಿಂದ ಹೊರಡುತ್ತದೆ. ಆದ್ದರಿಂದ ಹಾಡಲಿ, ಜೊತೆಗೆ ಬಿಡಿಬಿಡಿಯಾಗಿಯೂ ಕೇಳಿ. ಮರೆತಾಗ ದಾರಿ ಇರಬೇಕು: ಎಂಟರ ಮಗ್ಗಿ ಎಂದರೆ ಮೂರು ಸಲ ಇಮ್ಮಡಿ, 7ಕ್ಕೆ 14, 28, 56.

ನಿಮ್ಮ ಕಾಲರೆಮುಕ್ಕಾಲಿನ ಮಗ್ಗಿ ದಯವಿಟ್ಟು ಮೊಮ್ಮಕ್ಕಳಿಗೆ ಹೇಳಿಕೊಡಿ. ಮುಕ್ಕಾಲು ಎಂಟಲ ಆರು ಎಂದು ಹೇಳಬಲ್ಲ ಮಗುವಿಗೆ ಭಿನ್ನರಾಶಿಯ ಗುಣಾಕಾರ ಹೊಸದೆನಿಸದು.

ಏಳನೇ ತರಗತಿಯ ಮಗನಿಗೆ ಸರಾಸರಿ ಪಾಠಕ್ಕೆ ನಾಡಿಬಡಿತದ ಪ್ರಾಜೆಕ್ಟ್. ಅವನು ತಂದ ಅಂಕಿಗಳು 68, 96, 72, 120. ಎಲ್ಲಿ ತಪ್ಪು? — ಘಾಟ್‌ಕೋಪರ್

ಮೂರು ಕಡೆ ಇರಬಹುದು. ಹೆಬ್ಬೆರಳಿನಿಂದ ಹಿಡಿದರೆ ಅದರದೇ ಬಡಿತ ಬೆರೆತು ಲೆಕ್ಕ ಕೆಡುತ್ತದೆ. ತೋರುಬೆರಳು, ನಡುಬೆರಳು ಎರಡನ್ನೂ ಹೆಬ್ಬೆರಳ ಬುಡದ ಕೆಳಗಿನ ತಗ್ಗಿನಲ್ಲಿ ಹಗುರಾಗಿ ಇಡಲಿ. ಒತ್ತಿದರೆ ಬಡಿತವೇ ಸಿಗುವುದಿಲ್ಲ. ಎರಡನೆಯದು, ಮೆಟ್ಟಿಲು ಹತ್ತಿ ಬಂದ ಕೂಡಲೇ ಎಣಿಸುವುದು. ಐದು ನಿಮಿಷ ಕೂತಿರಬೇಕು. 120 ಬಂದದ್ದು ಬಹುಶಃ ಹೀಗೆ. ಹತ್ತು ದಾಟಿದ ಮಕ್ಕಳಿಗೆ ವಿಶ್ರಾಂತಿಯಲ್ಲಿ 60ರಿಂದ 100ರ ನಡುವೆ ಇರುತ್ತದೆ. ಮೂರನೆಯದು ಗಣಿತದ್ದು. 15 ಸೆಕೆಂಡು ಎಣಿಸಿ 4ರಿಂದ ಗುಣಿಸಿದರೆ ಒಂದು ಬಡಿತದ ತಪ್ಪು ನಾಲ್ಕಾಗುತ್ತದೆ, 30 ಸೆಕೆಂಡಿಗೆ ಎರಡು, ಪೂರ್ತಿ ನಿಮಿಷಕ್ಕೆ ಒಂದೇ. ಗಡಿಯಾರ ಶುರುವಾದಾಗ ಬಿದ್ದ ಬಡಿತವನ್ನು ಸೊನ್ನೆ ಎಂದು ಹಿಡಿಯಬೇಕು, ಒಂದು ಎಂದಲ್ಲ.

ಕೂತು ಐದು ಸಲ ಎಣಿಸಿದ ಅಂಕಿಗಳ ಸರಾಸರಿ ಒಂದು, ಒಂದು ನಿಮಿಷ ಜಿಗಿದ ಮೇಲಿನದು ಇನ್ನೊಂದು. ಎರಡನ್ನೂ ಬೆರೆಸಿ ಒಂದೇ ಸರಾಸರಿ ತೆಗೆದರೆ ಅದು ಕೂತವನ ಲೆಕ್ಕವೂ ಅಲ್ಲ, ಜಿಗಿದವನದೂ ಅಲ್ಲ. ಮುಂದೆ ಗುಣಾಕಾರಕ್ಕೆ ದೊಡ್ಡವರ ಲೆಕ್ಕ ಕೊಡಿ: ನಿಮಿಷಕ್ಕೆ 72 ಬಡಿತ, ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ, ಅಂದರೆ ನಿಮಿಷಕ್ಕೆ 5,040 ಮಿಲಿಲೀಟರ್. ದೊಡ್ಡವರ ಮೈಯಲ್ಲಿರುವ ಒಟ್ಟು ರಕ್ತವೂ ಸುಮಾರು ಐದು ಲೀಟರೇ. ದಿನಕ್ಕೆ 72 × 60 × 24 = 1,03,680 ಬಡಿತ.

ಉಸಿರಾಟವನ್ನೂ ಎಣಿಸುವುದಾದರೆ ತನ್ನದನ್ನು ತಾನೇ ಎಣಿಸಬಾರದು. ಎಣಿಸುತ್ತಿದ್ದೇನೆ ಎಂಬ ಅರಿವು ಬಂದ ಕೂಡಲೇ ಉಸಿರಿನ ಗತಿ ಬದಲಾಗುತ್ತದೆ. ಮಧ್ಯಾಹ್ನ ಮಲಗಿರುವ ಅಜ್ಜನದನ್ನು, ಎದೆ ಏರಿ ಇಳಿದದ್ದು ಒಂದು ಎಂದು ಹಿಡಿದು, ಪೂರ್ತಿ ಒಂದು ನಿಮಿಷ ಎಣಿಸಲಿ.